ರಿಜಿಸ್ಟರಿನಲ್ಲಿ ನಾಲ್ವರು; ಮಧ್ಯಾಹ್ನ ಒಂದೂಕಾಲಿಗೆ ಕೋಣೆಯಲ್ಲಿ ಎಷ್ಟು ಮಂದಿ?

ಪ್ರಶ್ನೆ: ದಾವಣಗೆರೆಯ ನಿಟುವಳ್ಳಿ ಕಡೆ ಬಾಡಿಗೆ ಮನೆಯ ಕೆಳಮಹಡಿಯಲ್ಲಿ ಡೇ ಕೇರ್ ನಡೆಸುತ್ತಿದ್ದೇನೆ. ಬೆಳಿಗ್ಗೆ 8.30ರಿಂದ ಸಂಜೆ 6.30, ಭಾನುವಾರ ರಜೆ. ಒಟ್ಟು 24 ಮಕ್ಕಳು: ವರ್ಷ ತುಂಬದ ಕೂಸುಗಳು 5, ಒಂದರಿಂದ ಮೂರು ವರ್ಷದವು 9, ಎಲ್‌ಕೆಜಿ–ಯುಕೆಜಿ ಮುಗಿಸಿ ಮಧ್ಯಾಹ್ನ ವ್ಯಾನಿನಲ್ಲಿ ಬರುವವರು 10. ಆಯಾಗಳು ಮೂವರು, ನಾನೊಬ್ಬಳು. ಆರು ಮಕ್ಕಳಿಗೆ ಒಬ್ಬರಾಯಿತು, ಸರ್ಕಾರ ಹೇಳುವುದಕ್ಕಿಂತ ಚೆನ್ನಾಗಿಯೇ ಇದೆ. ಆದರೂ ಹೋದ ತಿಂಗಳು ಮೂರು ಸಲ ಮಕ್ಕಳು ಒಬ್ಬರನ್ನೊಬ್ಬರು ಹಲ್ಲಿನಿಂದ ಕಚ್ಚಿದರು, ಒಂದು ಕೂಸು ಮಂಚದಿಂದ ಉರುಳಿತು. ಇನ್ನೂ ಎಷ್ಟು ಜನ ಬೇಕು? ಸಿಸಿಟಿವಿ ಹಾಕಿಸಿದರೆ ಸಾಕಾಗುತ್ತದೆಯೇ?

ಉತ್ತರ: ನಿಮ್ಮ ಭಾಗಾಕಾರ ಸರಿಯಾಗಿದೆ. ಆದರೆ ಅದು ಹಾಜರಿ ಪುಸ್ತಕದ ಲೆಕ್ಕ. ಮಗು ಬೀಳುವುದು ಕೋಣೆಯಲ್ಲಿ, ಅದೂ ಒಂದು ನಿರ್ದಿಷ್ಟ ನಿಮಿಷದಲ್ಲಿ. ಆ ನಿಮಿಷಕ್ಕೆ ಆ ಕೋಣೆಯಲ್ಲಿ ಬಿಡುವಾಗಿರುವ ಕೈ ಎಷ್ಟು ಎಂಬುದೊಂದೇ ಲೆಕ್ಕಕ್ಕೆ ಬರುತ್ತದೆ.

ಸರ್ಕಾರದ ಲೆಕ್ಕವನ್ನೇ ಮೊದಲು ನೋಡೋಣ. ಶಿಶುಪಾಲನೆ ಮತ್ತು ಶಿಕ್ಷಣದ 2013ರ ರಾಷ್ಟ್ರೀಯ ನೀತಿಯ ಪ್ರಕಾರ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು. ಹಾಗೆ ನೋಡಿದರೆ ನಿಮ್ಮ 14 ಚಿಕ್ಕವರಿಗೆ ಇಬ್ಬರು, 10 ದೊಡ್ಡವರಿಗೆ ಒಬ್ಬರು, ಮೂವರಲ್ಲೇ ಮುಗಿಯಿತು. ಆದರೆ ಅದೇ ನೀತಿಯಲ್ಲಿ ಮಕ್ಕಳನ್ನು ಯಾವ ಹೊತ್ತಿನಲ್ಲೂ ದೊಡ್ಡವರಿಲ್ಲದೆ ಬಿಡಕೂಡದು ಎಂಬ ಮಾತೂ ಇದೆ. ಮೊದಲಿನದನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ನಿಮ್ಮ ಮನೆಯ ಮಧ್ಯಾಹ್ನ ಒಂದೂಕಾಲು ಗಂಟೆಯನ್ನು ಕಣ್ಣೆದುರು ತಂದುಕೊಳ್ಳಿ. ವ್ಯಾನ್ ಬಂದು ಹಾರ್ನ್ ಹೊಡೆಯಿತು. ಒಬ್ಬ ಆಯಾ ಗೇಟಿಗೆ ಹೋದರು. ಹತ್ತು ಮಕ್ಕಳನ್ನು ಇಳಿಸಿ, ಬ್ಯಾಗು ಎಣಿಸಿ, ಶೂ ಬಿಚ್ಚಿಸಿ ಒಳಗೆ ತರಲು ಹತ್ತು ನಿಮಿಷವಾದರೂ ಬೇಕು. ಎರಡನೆಯವರು ಅಡುಗೆಮನೆಯಲ್ಲಿ ಊಟದ ಡಬ್ಬಿ ಬಿಸಿ ಮಾಡುತ್ತಿದ್ದಾರೆ. ಮೂರನೆಯವರ ಕೈಯಲ್ಲಿ ಡೈಪರ್ ಬಿಚ್ಚಿದ ಮಗು. ನಿಮಗೆ ಯಾರದೋ ತಾಯಿಯ ಫೋನು, ‘ಊಟ ಮಾಡಿದ್ನಾ?’ ಅಂತ. ಐದು ಕೂಸುಗಳ ಕೋಣೆಯಲ್ಲಿ ಯಾರೂ ಇಲ್ಲ. ನಾಲ್ವರೂ ಕೆಲಸದಲ್ಲೇ ಇದ್ದಾರೆ, ಯಾರದೂ ತಪ್ಪಲ್ಲ. ಕೂಸು ಉರುಳಿದ್ದು ಎಷ್ಟು ಗಂಟೆಗೆ ಎಂದು ನೀವು ಬರೆದಿಲ್ಲ, ಹೆಚ್ಚುಕಡಿಮೆ ಇದೇ ಹೊತ್ತಿರಬೇಕು. ಇದಕ್ಕೆ ನಲ್ಲಿ ನೀರು ಬರುವ ದಿನವೂ ಸೇರಿಬಿಟ್ಟರೆ ಮುಗಿಯಿತು. ಪೈಪು ಹಿಡಿದು ಡ್ರಮ್ಮು, ಸಂಪು ತುಂಬಿಸಲು ಇನ್ನೊಬ್ಬರು ಒಂದು ತಾಸು ಹೊರಗೆ.

ಹಾಗಾಗಿ ಜನ ಹುಡುಕುವ ಮೊದಲು ಒಂದು ವಾರ ಈ ಕೆಲಸ ಮಾಡಿ. ಗೋಡೆಯ ಮೇಲೊಂದು ಹಾಳೆ ಅಂಟಿಸಿ. ಅರ್ಧ ಗಂಟೆಗೊಮ್ಮೆ, ಕೋಣೆಗೊಂದರಂತೆ, ಎರಡೇ ಅಂಕಿ ಬರೆಯಿರಿ: ಮಕ್ಕಳೆಷ್ಟು, ಮಕ್ಕಳನ್ನು ಬಿಟ್ಟು ಬೇರೆ ಕೆಲಸವಿಲ್ಲದ ದೊಡ್ಡವರೆಷ್ಟು. ಒಲೆ ಮುಂದೆ ಇರುವವರು, ಫೋನಿನಲ್ಲಿರುವವರು, ಊಟಕ್ಕೆ ಕೂತವರು, ನೆಲ ಒರೆಸುತ್ತಿರುವವರು ಎರಡನೆಯ ಅಂಕಿಯಲ್ಲಿ ಬರಕೂಡದು. ವಾರದ ಕೊನೆಗೆ ಎಲ್ಲೆಲ್ಲಿ ಸೊನ್ನೆ ಬಿದ್ದಿದೆ ಎಂದು ನೋಡಿ. ಬಹುತೇಕ ಕಡೆ ಅದು ಬೀಳುವುದು ಮಧ್ಯಾಹ್ನ 12.30ರಿಂದ 2.30ರ ನಡುವೆ ಮತ್ತು ಸಂಜೆ 4.30ರ ಮೇಲೆ.

ಹತ್ತು ಕೂಸಿಗೆ ಒಬ್ಬರು ಏಕೆ ಸಾಲದು ಎಂಬುದಕ್ಕೂ ಲೆಕ್ಕವಿದೆ. ಒಂದು ಡೈಪರ್ ಬದಲಿಸುವುದನ್ನು ಸರಿಯಾಗಿ ಮಾಡಿದರೆ 5 ನಿಮಿಷ: ಬೇಕಾದ್ದೆಲ್ಲ ಮೊದಲೇ ಪಕ್ಕದಲ್ಲಿಟ್ಟುಕೊಂಡು, ಒಂದು ಕೈ ಸದಾ ಮಗುವಿನ ಮೇಲೆ ಇಟ್ಟು, ಮುಂದಿನಿಂದ ಹಿಂದಕ್ಕೆ ಒರೆಸಿ, ಕೊಳೆ ಡೈಪರನ್ನು ಕವರಿನಲ್ಲಿ ಕಟ್ಟಿ, ಚಾಪೆ ಒರೆಸಿ, ಮಗುವಿನ ಕೈ ಮತ್ತು ತಮ್ಮ ಕೈ ಎರಡನ್ನೂ ಸೋಪು ಹಾಕಿ ತೊಳೆಯಬೇಕು. ಐದು ಕೂಸಿಗೆ ದಿನಕ್ಕೆ ಐದೈದು ಸಲ, ಒಂಬತ್ತು ನಡೆದಾಡುವ ಮಕ್ಕಳಿಗೆ ಮೂರು ಮೂರು ಸಲ ಎಂದರೆ 52 ಸಲ, 260 ನಿಮಿಷ. ಕೂಸಿಗೆ ಒಳಲೆಯಲ್ಲೋ ಚಮಚದಲ್ಲೋ ಹಾಲು, ರಾಗಿ ಸರಿ ತಿನ್ನಿಸಲು 20 ನಿಮಿಷ; ಐದು ಕೂಸು, ಮೂರು ಹೊತ್ತು, 300 ನಿಮಿಷ. ಎರಡೂ ಸೇರಿ ಒಂಬತ್ತು ತಾಸು ದಾಟಿತು. ಒಬ್ಬ ಆಯಾ ಮಕ್ಕಳ ಜೊತೆ ಕಳೆಯಬಹುದಾದದ್ದು ದಿನಕ್ಕೆ ಏಳು ತಾಸು. ಅಂದರೆ ಒಬ್ಬರ ಇಡೀ ದಿನ, ಜೊತೆಗೆ ಇನ್ನೊಬ್ಬರ ದಿನದ ಮೂರನೇ ಒಂದು ಪಾಲು ಬರೀ ಒರೆಸುವುದಕ್ಕೆ ಮತ್ತು ಉಣಿಸುವುದಕ್ಕೆ ಹೋಯಿತು. ಎತ್ತಿ ಆಡಿಸುವುದು, ಮಾತಾಡಿಸುವುದು, ಅಳುವಾಗ ಸಮಾಧಾನ ಮಾಡುವುದು ಇದರಲ್ಲಿ ಇಲ್ಲ. ಕೈ ಸಾಲದಾದಾಗ ಆಯಾಗಳು ಮೊದಲು ಬಿಡುವುದು ಕೈ ತೊಳೆಯುವುದನ್ನು. ಆಮೇಲೆ ಬಾಟಲಿಯನ್ನು ದಿಂಬಿಗೆ ಒರಗಿಸಿ ಕೂಸಿನ ಬಾಯಿಗಿಟ್ಟು ಎದ್ದುಹೋಗುವುದು ಶುರುವಾಗುತ್ತದೆ. ಹಾಲು ನೆತ್ತಿಗೆ ಹತ್ತುವುದು ಹಾಗೆಯೇ. ಒಂದು ಮಗುವಿನ ಭೇದಿ ಎರಡೇ ದಿನದಲ್ಲಿ ಆರು ಮಕ್ಕಳಿಗೆ ಹಬ್ಬಿತೆಂದರೆ ನೀರನ್ನು ದೂರುವ ಮೊದಲು ಸೋಪು ಎಷ್ಟು ಖರ್ಚಾಗಿದೆ ನೋಡಿ.

ನಮ್ಮ ಸಲಹೆ ಇಷ್ಟು: ವರ್ಷದೊಳಗಿನ 3 ಕೂಸಿಗೆ ಒಬ್ಬರು, ಒಂದರಿಂದ ಮೂರು ವರ್ಷದ 5 ಮಕ್ಕಳಿಗೆ ಒಬ್ಬರು, ಅದಕ್ಕಿಂತ ದೊಡ್ಡ 10 ಮಕ್ಕಳಿಗೆ ಒಬ್ಬರು. ಇದು ಸರ್ಕಾರದ ಲೆಕ್ಕಕ್ಕಿಂತ ಬಿಗಿ, ನಿಜ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂವರಿಗೆ ಒಬ್ಬರು ಎಂಬುದು ಕಡ್ಡಾಯ ನಿಯಮ. ಎರಡು ವರ್ಷದ ಮಕ್ಕಳಿಗೆ ನಾಲ್ವರಿಗೊಬ್ಬರು ಎಂದಿದ್ದುದನ್ನು 2023ರ ಸೆಪ್ಟೆಂಬರಿನಿಂದ ಐವರಿಗೊಬ್ಬರು ಎಂದು ಸಡಿಲಿಸಿದ್ದಾರೆ. ಅಲ್ಲಿನದು ಇಲ್ಲಿಗೇಕೆ ಅಂತ ಕೇಳಬಹುದು. ಅಡುಗೆಮನೆಯಿಂದ ಗ್ಯಾಸಿನ ವಾಸನೆ ಬಂತು ಅಂದುಕೊಳ್ಳಿ. ಒಬ್ಬಾಕೆ ಎರಡು ಕಂಕುಳಲ್ಲಿ ಎರಡು ಕೂಸು ಎತ್ತಿಕೊಂಡು ಓಡಬಹುದು, ಮೂರನೆಯದಕ್ಕೆ ಮತ್ತೆ ಒಳಗೆ ಬರಬೇಕು. ನಾಲ್ಕನೆಯದು ಬೇಡ ಎನ್ನುವುದಕ್ಕೆ ಇಂಗ್ಲೆಂಡಿನ ನಿಯಮ ಬೇಕಾಗಿಲ್ಲ.

ಈ ಪ್ರಕಾರ ವ್ಯಾನ್ ಮಕ್ಕಳು ಬರುವವರೆಗೆ ನಿಮಗೆ ನಾಲ್ವರು ಬೇಕು, ಬಂದ ಮೇಲೆ ಐವರು. ಬೆಳಗಿನ ಮೊದಲ ತಾಸು ಮತ್ತು ಸಂಜೆಯ ಕೊನೆಯ ತಾಸಿಗೆ ಮಕ್ಕಳು ಕಡಿಮೆ, ಇಬ್ಬರು ಸಾಕು. ಇಬ್ಬರಿಗಿಂತ ಕಡಿಮೆ ಮಾತ್ರ ಎಂದೂ ಬೇಡ, ಒಂದೇ ಮಗು ಉಳಿದಿದ್ದರೂ. ತಾಸಿನಲ್ಲಿ ಕೂಡಿಸಿ: 8.30ರಿಂದ 9.30 ಇಬ್ಬರು, 2 ತಾಸು, 12.30ರವರೆಗೆ ನಾಲ್ವರು, 12 ತಾಸು, 4.30ರವರೆಗೆ ಐವರು, 20 ತಾಸು, 5.30ರವರೆಗೆ ನಾಲ್ವರು, 4 ತಾಸು. ಕೊನೆಗೆ ಇಬ್ಬರು, 2 ತಾಸು. ಒಟ್ಟು 40. ಎಂಟು ತಾಸಿನ ಕೆಲಸದಲ್ಲಿ ಊಟಕ್ಕೆ ಅರ್ಧ, ಬರೆಯುವುದು–ಜೋಡಿಸುವುದಕ್ಕೆ ಅರ್ಧ ಕಳೆದರೆ ಒಬ್ಬರಿಂದ ಸಿಗುವುದು 7. ನಲವತ್ತನ್ನು ಏಳರಿಂದ ಭಾಗಿಸಿದರೆ ಆರಕ್ಕೆ ಚೂರು ಕಡಿಮೆ.

ಆರು ಜನ ಪೂರ್ತಿ ದಿನಕ್ಕೆ ಬೇಕಿಲ್ಲ, ಪಾಳಿ ಜೋಡಿಸುವುದರಲ್ಲಿ ಉಳಿತಾಯವಿದೆ. ಇಬ್ಬರು 8.30ರಿಂದ 4.30. ಒಬ್ಬರು 9.30ರಿಂದ 5.30. ಇಬ್ಬರು 10.30ರಿಂದ 6.30. ಇವರಲ್ಲದೆ ಮಧ್ಯಾಹ್ನಕ್ಕೆಂದೇ ಒಬ್ಬರು, 12.30ರಿಂದ 4.30. ನೀವು 9.30–10.30 ಮತ್ತು 4.30–5.30, ಈ ಎರಡು ತಾಸು ಫೋನು ಪಕ್ಕಕ್ಕಿಟ್ಟು ಕೋಣೆಯೊಳಗೆ. ಹೀಗಾದರೆ 12.30ರ ಮೇಲೆ ಆರು ಜನ ಇರುತ್ತಾರೆ. ಅರ್ಧರ್ಧ ಗಂಟೆಯಂತೆ ಒಬ್ಬೊಬ್ಬರೇ ಊಟಕ್ಕೆ ಹೋದರೂ ಐವರು ಮಕ್ಕಳ ಬಳಿ ಉಳಿಯುತ್ತಾರೆ, ಮೂರು ಗಂಟೆಯೊಳಗೆ ಐವರ ಊಟವೂ ಮುಗಿಯುತ್ತದೆ. ಮಕ್ಕಳು ಮಲಗಿದ್ದಾರೆ, ಎಲ್ಲರೂ ಒಟ್ಟಿಗೆ ಕೂತು ಉಂಡುಬಿಡೋಣ ಎಂಬ ಅಭ್ಯಾಸವನ್ನು ಮೊದಲು ನಿಲ್ಲಿಸಿ. ನಾಲ್ಕು ತಾಸಿನ ಕೆಲಸಕ್ಕೆ ಜನ ಸಿಗುವುದಿಲ್ಲ ಎನ್ನಬೇಡಿ. ತಮ್ಮ ಮಕ್ಕಳನ್ನು ಶಾಲೆಗೆ ಕಳಿಸಿ ಐದರೊಳಗೆ ಮನೆ ಸೇರಬೇಕೆನ್ನುವ ಹೆಂಗಸರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಅಡುಗೆ, ಕಸ, ನೀರು ಹಿಡಿಯುವುದಕ್ಕೆ ಬೇರೊಬ್ಬರು, ಅವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ರಜೆಯದೂ ಲೆಕ್ಕವೇ. ಜಾತ್ರೆ, ಜ್ವರ, ಮನೆಯ ಮದುವೆ ಎಂದು ಒಬ್ಬೊಬ್ಬರು ತಿಂಗಳಿಗೆ ಎರಡು ದಿನ ತಪ್ಪಿಸಿದರೆ, ಐವರಿಂದ 10 ದಿನ. 26 ಕೆಲಸದ ದಿನಗಳಲ್ಲಿ ಹತ್ತು ದಿನ ಒಬ್ಬರು ಇಲ್ಲ. ಹೀಗಿರುವಾಗ ‘ಅಪರೂಪಕ್ಕೆ ಒಬ್ಬರು ಬರಲಿಲ್ಲ’ ಎನ್ನುವುದು ಮಾತೇ ಅಲ್ಲ. ಮಧ್ಯಾಹ್ನದವರು ಬೆಳಿಗ್ಗೆಯಿಂದ ಬರಲು ಒಪ್ಪಿರಬೇಕು, ಅವರ ಜಾಗಕ್ಕೆ ಬರಲು ಇನ್ನೂ ಒಬ್ಬರ ಹೆಸರಿರಬೇಕು. ಆ ಬದಲಿಯವರಿಗೂ ಮಕ್ಕಳ ಮುಖ ಪರಿಚಯವಿರಲಿ. ತಿಂಗಳಿಗೆ ನಾಲ್ಕಾರು ದಿನ ಕರೆಸಿ ಸಂಬಳ ಕೊಡಿ. ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ ಕರೆಸಿದ ಅಪರಿಚಿತರ ಕೈಗೆ ಕೂಸು ಕೊಡುವುದು ಜನ ಕಡಿಮೆ ಇರುವುದಕ್ಕಿಂತ ಕೆಟ್ಟದ್ದು.

ದುಡ್ಡಿನ ಮಾತು. ನಿಮಗೆ ಹೊಸದಾಗಿ ಬೇಕಾದದ್ದು ಇಬ್ಬರು ಪೂರ್ತಿ, ಒಬ್ಬರು ಅರ್ಧ. ತಿಂಗಳಿಗೆ ಒಬ್ಬರಿಗೆ 14,000 ಎಂದಿಟ್ಟುಕೊಂಡರೆ (ಕನಿಷ್ಠ ವೇತನದ ಈ ವರ್ಷದ ದರವನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿದ್ದಿಕೊಳ್ಳಿ) 35,000 ಆಯಿತು. 24 ಮಕ್ಕಳಿಗೆ ಹಂಚಿದರೆ ತಲೆಗೆ ಸುಮಾರು 1,460. ಎಲ್ಲರಿಗೂ ಸಮನಾಗಿ ಹಂಚಬೇಡಿ. ಐದು ಕೂಸು ಇಬ್ಬರನ್ನು ಹಿಡಿದಿಡುತ್ತವೆ, ಹತ್ತು ದೊಡ್ಡ ಮಕ್ಕಳಿಗೆ ಒಬ್ಬರು, ಅದೂ ಅರ್ಧ ದಿನಕ್ಕೆ. ಕೂಸಿನ ಶುಲ್ಕ ದೊಡ್ಡ ಮಗುವಿನದಕ್ಕಿಂತ ಹೆಚ್ಚಿರುವುದೇ ನ್ಯಾಯ, ಪಾಳಿಯ ಪಟ್ಟಿ ತೋರಿಸಿದರೆ ತಂದೆತಾಯಂದಿರು ಒಪ್ಪುತ್ತಾರೆ. ಇನ್ನೊಂದು ದಾರಿಯೂ ಇದೆ: 50 ಮತ್ತು ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಹತ್ತಿರದ ಆಸ್ಪತ್ರೆ, ಕಾಲೇಜು, ಗಾರ್ಮೆಂಟ್ಸ್‌ನವರ ಜೊತೆ ಒಪ್ಪಂದ ಮಾಡಿಕೊಂಡರೆ ಖರ್ಚಿನ ಒಂದು ಪಾಲು ಅವರಿಂದ ಬರಬಹುದು.

ಪಾಳಿ ಬಂತೆಂದರೆ ಜೊತೆಗೇ ಒಂದು ಹೊಸ ಅಪಾಯ ಬರುತ್ತದೆ: ಒಬ್ಬರಿಂದ ಇನ್ನೊಬ್ಬರಿಗೆ ವಿಷಯ ದಾಟದಿರುವುದು. ಜ್ವರದ ಔಷಧಿಯನ್ನೇ ನೋಡಿ. ಬೆಳಗಿನವರು 12ಕ್ಕೆ ಪ್ಯಾರಾಸಿಟಮಾಲ್ ಕೊಟ್ಟಿರುತ್ತಾರೆ, ಮಧ್ಯಾಹ್ನದವರು ಹಣೆ ಮುಟ್ಟಿ ನೋಡಿ ಒಂದು ಗಂಟೆಗೆ ಮತ್ತೆ ಕೊಡುತ್ತಾರೆ. ಎರಡು ಡೋಸಿನ ನಡುವೆ ಕನಿಷ್ಠ 4 ತಾಸು ಇರಬೇಕು. ಅದಕ್ಕೂ ಕೆಟ್ಟದ್ದು ಡ್ರಾಪ್ಸ್ ಮತ್ತು ಸಿರಪ್ಪಿನ ಗೊಂದಲ. ಸಾಮಾನ್ಯವಾಗಿ ಸಿಗುವ ಡ್ರಾಪ್ಸ್‌ನ 1 ಎಂಎಲ್‌ನಲ್ಲಿ 100 ಮಿಲಿಗ್ರಾಂ ಮದ್ದು; ಸಿರಪ್ಪಿನಲ್ಲಿ 5 ಎಂಎಲ್‌ಗೆ 125. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋದದ್ದು ನಾಲ್ಕು ಪಟ್ಟು. ಆದ್ದರಿಂದ ಔಷಧಿ ಕೊಡುವುದೇ ಆದರೆ ತಂದೆತಾಯಿ ಬರೆದುಕೊಟ್ಟ ಚೀಟಿ, ಅದರಲ್ಲಿ ಔಷಧಿಯ ಹೆಸರು, ಎಂಎಲ್, ಗಂಟೆ ಇರಬೇಕು. ಕೊಡುವವರು ಒಬ್ಬರು, ಪಕ್ಕದಲ್ಲಿ ನಿಂತು ಲೇಬಲ್ ಓದುವವರು ಇನ್ನೊಬ್ಬರು, ಇಬ್ಬರ ಸಹಿ. ಪಾಳಿ ಬದಲಾಗುವಾಗ ಐದು ನಿಮಿಷ ಇಬ್ಬರೂ ಕೋಣೆಯಲ್ಲೇ ನಿಂತು ಮಗುಮಗುವಿನ ಬಗ್ಗೆ ಹೇಳಬೇಕು: ಕೊನೆಗೆ ಯಾವಾಗ ಕುಡಿಯಿತು, ಮಲಗಿತೇ, ಔಷಧಿ ಹೋಗಿದೆಯೇ, ಮೈಮೇಲೆ ಗಾಯವೇನಾದರೂ ಇದೆಯೇ. ಕೊನೆಯಲ್ಲಿ ತಲೆ ಎಣಿಕೆ. ಹೆಸರು ಕರೆದು ಎಣಿಸಬೇಕು, ಕಣ್ಣಂದಾಜಿನಲ್ಲಿ ಅಲ್ಲ. ವ್ಯಾನಿನಿಂದ ಇಳಿಸುವಾಗಲೂ ಹಾಗೆಯೇ. ಸೀಟಿನ ಕೆಳಗೆ, ಹಿಂದಿನ ಸಾಲಿನಲ್ಲಿ ನೋಡಿದ ಮೇಲೆಯೇ ಡ್ರೈವರ್ ಅಣ್ಣನನ್ನು ಕಳಿಸಿ. ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಮಲಗಿದ ಮಗು ಉಳಿದುಹೋದರೆ ಏನಾಗುತ್ತದೆ ಎಂದು ಬರೆಯಬೇಕಿಲ್ಲ.

ಕಚ್ಚುವ ವಿಷಯ. ಒಂದರಿಂದ ಮೂರು ವರ್ಷದವರೆಗೆ ಮಕ್ಕಳು ಕಚ್ಚುತ್ತವೆ. ಮಾತು ಬಾರದು, ಹಲ್ಲು ಬರುತ್ತಿರುತ್ತದೆ, ಹಸಿವು, ಆಟಿಕೆ ಒಂದೇ ಇರುತ್ತದೆ. ಮೂರೂ ಘಟನೆಗಳ ಹೊತ್ತು, ಜಾಗ, ಆಗ ಅಲ್ಲಿದ್ದವರು ಯಾರು ಎಂದು ಬರೆದು ನೋಡಿ. ಸಂಜೆ ಆಯಾಗಳು ಬಸ್ಸಿಗೆಂದು ಹೊರಟ ಮೇಲೆ, ಎರಡು ವಯಸ್ಸಿನ ಮಕ್ಕಳನ್ನು ಒಂದೇ ಕೋಣೆಗೆ ಸೇರಿಸಿದಾಗ, ತಿಂಡಿ ಇನ್ನೂ ಬಂದಿರದಿದ್ದಾಗ ನಡೆದಿರುವ ಸಾಧ್ಯತೆ ಹೆಚ್ಚು. ತಿಂಡಿಯನ್ನು ಅರ್ಧ ಗಂಟೆ ಮುಂಚೆಯೇ ಕೊಟ್ಟು, ಇಷ್ಟವಾದ ಆಟಿಕೆಯನ್ನು ಎರಡೆರಡು ಇಟ್ಟು, 4.30ರ ಪಾಳಿ ಬಿಗಿ ಮಾಡಿದರೆ ಕಚ್ಚುವುದು ಇಳಿಯಬಹುದು. ಕಚ್ಚಿದ ಜಾಗಕ್ಕೆ ಸೋಪು–ನೀರು, ತಣ್ಣನೆ ಬಟ್ಟೆ. ಚರ್ಮ ಸೀಳಿದ್ದರೆ ವೈದ್ಯರಿಗೆ ತೋರಿಸಬೇಕು. ಎರಡೂ ಮನೆಯವರಿಗೆ ಅದೇ ದಿನ ಹೇಳಿ, ಕಚ್ಚಿದ ಮಗುವಿನ ಹೆಸರು ಮಾತ್ರ ಹೇಳಬೇಡಿ.

ಕೂಸಿನ ಕೋಣೆಯಲ್ಲಿ ಮಂಚವೇ ಬೇಡ. ನೆಲದ ಮೇಲೆ ಗಟ್ಟಿ ಹಾಸಿಗೆ, ಕೂಸು ಬೆನ್ನಿನ ಮೇಲೆ, ದಿಂಬಿಲ್ಲ, ಮುಖದ ಮೇಲೆ ಬಟ್ಟೆಯಿಲ್ಲ. ಸೀರೆಯ ಜೋಳಿಗೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಮನೆಯಲ್ಲಿ ಅಜ್ಜಿ ಪಕ್ಕದಲ್ಲೇ ಕೂತಿರುತ್ತಾರೆ. ಡೇ ಕೇರಿನಲ್ಲಿ ಅದು ಬೇಡ. ಎಳೆಗೂಸಿನ ಗದ್ದ ಎದೆಗೆ ಮಡಚಿ ಉಸಿರು ಕಟ್ಟಬಹುದು, ದೊಡ್ಡ ಮಕ್ಕಳು ಅದರಲ್ಲಿ ಆಡಿ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಮಲಗಿದ ಕೂಸಿನ ಹತ್ತಿರ ಹತ್ತು ನಿಮಿಷಕ್ಕೊಮ್ಮೆ ಹೋಗಿ ಎದೆ ಏರಿಳಿಯುತ್ತಿದೆಯೇ, ತುಟಿಯ ಬಣ್ಣ ಹೇಗಿದೆ ನೋಡಿ ಗುರುತು ಹಾಕಬೇಕು. ಬಾಗಿಲಲ್ಲಿ ನಿಂತು ಇಣುಕಿದ್ದು ಲೆಕ್ಕಕ್ಕಿಲ್ಲ.

ನಾಲ್ಕೂವರೆಯ ಚಹಾಕ್ಕೆ ಆಯಾಗಳು ಮಂಡಕ್ಕಿ ತರಿಸುತ್ತಾರೆ, ಈ ಊರಿನಲ್ಲಿ ಅದನ್ನು ಬೇಡ ಎನ್ನಲು ಯಾರಿಂದಾಗುತ್ತದೆ! ಆದರೆ ತಿನ್ನುವುದು ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು. ಚಾಪೆಯ ಮಡಿಕೆಯಲ್ಲಿ ಬಿದ್ದ ಒಂದು ಕಡಲೆಬೀಜವನ್ನು ತೆವಳುವ ಕೂಸು ಎಲ್ಲರಿಗಿಂತ ಮೊದಲು ಹುಡುಕುತ್ತದೆ. ಗಂಟಲಿಗೆ ಸಿಕ್ಕಿಕೊಂಡು ಕೆಮ್ಮಲೂ ಆಗದಿದ್ದರೆ, ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಎರಡು ಭುಜದ ನಡುವೆ ಅಂಗೈಯಿಂದ 5 ಪೆಟ್ಟು. ಹೋಗದಿದ್ದರೆ ತಿರುಗಿಸಿ ಎದೆಯ ನಡುವೆ, ಮೊಲೆತೊಟ್ಟುಗಳ ಗೆರೆಗಿಂತ ತುಸು ಕೆಳಗೆ, 5 ಸಲ ಒತ್ತು. ವರ್ಷ ದಾಟಿದವರಿಗೆ ಎದೆಯ ಬದಲು ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಗೆ ಹೋಗುತ್ತದೆ. ಒಬ್ಬರು ಇದನ್ನು ಮಾಡುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಇಬ್ಬರಿಗಿಂತ ಕಡಿಮೆ ಬೇಡ ಎಂದದ್ದು ಇದಕ್ಕೇ. ಚಿಗಟೇರಿ ಆಸ್ಪತ್ರೆಗೆ ಆಟೋದಲ್ಲಿ ಹತ್ತೇ ನಿಮಿಷ ಅನ್ನಬಹುದು. ಗಂಟಲು ಪೂರ್ತಿ ಕಟ್ಟಿದ ಮಗುವಿಗೆ ಅಷ್ಟು ಹೊತ್ತಿಲ್ಲ. ಪ್ರತಿಯೊಬ್ಬ ಆಯಾ ಗೊಂಬೆಯ ಮೇಲೆ ಇದನ್ನು ಮಾಡಿ ತೋರಿಸಿದ ಮೇಲೆಯೇ ಪಾಳಿಗೆ ಹಾಕಿ. ನೀರಿನ ಡ್ರಮ್ಮಿಗೆ ಮುಚ್ಚಳ, ಸಂಪಿಗೆ ಬೀಗ, ಬಚ್ಚಲಿನ ಬಕೆಟ್ಟು ಬೋರಲು. ನಡೆಯಲು ಕಲಿಯುತ್ತಿರುವ ಮಗು ತಲೆಕೆಳಗಾಗಿ ಬಿದ್ದರೆ ಕಾಲು ಬಕೆಟ್ ನೀರು ಸಾಕು.

ಸಿಸಿಟಿವಿ ಹಾಕಿಸಿ, ಆದರೆ ಅದನ್ನು ಆಯಾ ಎಂದು ಎಣಿಸಬೇಡಿ. ಮಂಚದಿಂದ ಉರುಳಿದ್ದನ್ನು ಅದು ಆಮೇಲೆ ತೋರಿಸೀತು. ಅದಕ್ಕಿಂತ ಮೊದಲು ಮಾಡಬೇಕಾದದ್ದು ಬಾಗಿಲುಗಳಿಗೆ ಗಾಜಿನ ಕಿಂಡಿ, ಪ್ರತಿ ಕೆಲಸಗಾರರಿಗೂ ಪೊಲೀಸ್ ವೆರಿಫಿಕೇಶನ್, ಹಿಂದೆ ಕೆಲಸ ಮಾಡಿದ ಕಡೆಗೆ ಒಂದು ಫೋನು, ಮಗುವನ್ನು ಕರೆದೊಯ್ಯಲು ಬರಬಹುದಾದವರ ಫೋಟೊ ಪಟ್ಟಿ. ಪಟ್ಟಿಯಲ್ಲಿಲ್ಲದ ಚಿಕ್ಕಪ್ಪ ಬಂದರೆ ತಾಯಿಗೆ ಫೋನು, ಆಮೇಲೆ ಮಗು. ಮಕ್ಕಳ ಪಾಲನೆಗೆಂದೇ ಇರುವ ಸಂಸ್ಥೆಯ ನೌಕರರೋ ನಡೆಸುವವರೋ ಮಗುವನ್ನು ಹಿಂಸಿಸಿದರೆ, ಬೇಕೆಂದೇ ಉಪೇಕ್ಷಿಸಿದರೆ ಬಾಲನ್ಯಾಯ ಕಾಯ್ದೆ 2015ರ 75ನೇ ಕಲಮಿನಡಿ 5 ವರ್ಷದವರೆಗೆ ಕಠಿಣ ಸಜೆ, 5 ಲಕ್ಷದವರೆಗೆ ದಂಡವಿದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ, ಆಯಾಗಳಿಗೂ ಕಾಣುವಂತೆ.

ಈ ತಿಂಗಳೇ ಇಬ್ಬರೂವರೆ ಜನ ಸಿಗದಿದ್ದರೆ? ಹೊಸ ಕೂಸು ಸೇರಿಸಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ಮಧ್ಯಾಹ್ನದ ನಾಲ್ಕು ತಾಸಿನವರನ್ನು ಮೊದಲು ಹುಡುಕಿ, ನಿಮ್ಮ ಸೊನ್ನೆಗಳು ಹೆಚ್ಚು ಬೀಳುವುದು ಅಲ್ಲೇ. ಊಟದ ಡಬ್ಬಿಗಳನ್ನು ವ್ಯಾನ್ ಬರುವುದಕ್ಕೆ ಮುಂಚೆ, ಹನ್ನೆರಡಕ್ಕೇ ಬಿಸಿ ಮಾಡಿ ಹಾಟ್‌ಬಾಕ್ಸಿನಲ್ಲಿಡಿ. ಫೋನಿಗೆ ಉತ್ತರಿಸುವ ಹೊತ್ತು ಎರಡರ ಮೇಲೆ ಎಂದು ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಹಾಕಿ. ಬೇಕಾದರೆ ಒಂದು ಗಂಟೆಗೆ ಎಲ್ಲರಿಗೂ ಸೇರಿ ಒಂದೇ ಸಂದೇಶ ಕಳಿಸಿ, ಊಟ ಶುರುವಾಗಿದೆ ಅಂತ. ಗೋಡೆಯ ಹಾಳೆ ಮಾತ್ರ ಜನ ಸಿಕ್ಕ ಮೇಲೂ ಅಲ್ಲೇ ಇರಲಿ.